ಪಕ್ಕದೂರಿನ ಬಾವಿ, ವಿಶ್ವವಿದ್ಯಾಲಯದ ಲ್ಯಾಬು: ನಾವು ಮಾಡಿದ ರೀತಿ

ವಿಶ್ವವಿದ್ಯಾಲಯದವರು ಗ್ರಾಮಸಭೆಗೆ ಹೋಗಿ ಕೂತರೆ ಮೊದಲು ಏಳುವ ಪ್ರಶ್ನೆ ಒಂದೇ: "ಹೋದ ಸಲ ಬಾಟ್ಲೀಲಿ ತುಂಬ್ಕೊಂಡ್ ಹೋದ್ರಲ್ಲ ಸರ್, ಆ ನೀರಿನ ಕಥೆ ಏನಾಯ್ತು?" ಉತ್ತರ ಯಾವುದೋ ಪ್ರಬಂಧದ ಕೊನೆಯ ಪುಟಗಳಲ್ಲಿ ಇಂಗ್ಲಿಷಿನಲ್ಲಿ ಮಲಗಿರುತ್ತದೆ. ಹಾಗಾಗಿ ಶಿವಮೊಗ್ಗ ಜಿಲ್ಲೆಯ ಮಲೆನಾಡಿನ ಹಳ್ಳಿಗಳಲ್ಲಿ ಕೆಲಸ ಶುರುಮಾಡುವಾಗ ಒಂದು ನಿಯಮ ಮಾಡಿಕೊಂಡೆವು: ಹದಿನೈದು ದಿನದೊಳಗೆ ಫಲಿತಾಂಶವನ್ನು ಮನೆಗೆ ಮುಟ್ಟಿಸಲಾಗದಿದ್ದರೆ ಸ್ಯಾಂಪಲ್ ತೆಗೆಯುವುದೇ ಬೇಡ. ಒಡಂಬಡಿಕೆ, ಖರ್ಚು, ವಿದ್ಯಾರ್ಥಿಗಳ ಅಂಕ ಎಲ್ಲವನ್ನೂ ಆ ನಿಯಮಕ್ಕೆ ಹೊಂದಿಸಿಕೊಂಡೆವು.

ಕಾಲೇಜು, ವಿಶ್ವವಿದ್ಯಾಲಯಗಳನ್ನು ಹಳ್ಳಿಗಳ ಜೊತೆ ಬೆಸೆಯುವ ಕೇಂದ್ರ ಸರ್ಕಾರದ ಉನ್ನತ ಭಾರತ ಅಭಿಯಾನದಲ್ಲಿ ಸಂಸ್ಥೆಯೊಂದು ಕನಿಷ್ಠ 5 ಹಳ್ಳಿಗಳನ್ನು ದತ್ತು ತೆಗೆದುಕೊಳ್ಳಬೇಕು. ಕಾಗದದಲ್ಲಿ ಐದಿರಲಿ, ಕೆಲಸ ಮಾತ್ರ ಒಂದೇ ಪಂಚಾಯಿತಿಯ ಎರಡು ಮೂರು ಮಜರೆಗಳಲ್ಲಿ ಶುರುವಾಗಲಿ. (ದತ್ತು ಎಂಬ ಮಾತನ್ನು ಊರಲ್ಲಿ ಆಡಬೇಡಿ. ನಮಗಿಂತ ಮುಂಚಿನಿಂದ ಅಲ್ಲಿರುವವರನ್ನು ನಾವು ದತ್ತು ತೆಗೆದುಕೊಳ್ಳುವುದೆಂದರೇನು?) ಬಯಲುಸೀಮೆಯ ಲೆಕ್ಕ ಇಲ್ಲಿ ನಡೆಯುವುದಿಲ್ಲ. ತೋಟಕ್ಕೊಂದು ಮನೆ, ಮನೆಗೊಂದು ಬಾವಿ, ನಡುವೆ ಒಂದು ಹಳ್ಳ. ನಾಲ್ಕು ಜನರ ತಂಡ ದಿನಕ್ಕೆ 12ರಿಂದ 15 ಬಾವಿ ಮುಗಿಸಿದರೆ ಅದೇ ಹೆಚ್ಚು.

ಕುಲಸಚಿವರ ಸಹಿಯ ಒಡಂಬಡಿಕೆಗಿಂತ ಪಂಚಾಯಿತಿಯ ನಡಾವಳಿ ಪುಸ್ತಕದಲ್ಲಿ ದಾಖಲಾದ ಠರಾವಿಗೆ ಬಾಳಿಕೆ ಜಾಸ್ತಿ. ಪಿಡಿಒ ವರ್ಗವಾಗುತ್ತಾರೆ, ಅಧ್ಯಕ್ಷರು ಬದಲಾಗುತ್ತಾರೆ, ಪುಸ್ತಕ ಉಳಿಯುತ್ತದೆ. ಠರಾವಿನಲ್ಲಿ ನಾಲ್ಕು ಸಂಗತಿ ಇರಲಿ: ಯಾವ ಮಜರೆ, ವರ್ಷಕ್ಕೆ ಎಷ್ಟು ಸಲ ಪರೀಕ್ಷೆ, ಫಲಿತಾಂಶ ಯಾರ ಕೈಗೆ, ಬ್ಲೀಚಿಂಗ್ ಪೌಡರ್ ಯಾರ ಖರ್ಚು. ನಾಲ್ಕನೆಯದು ತಪ್ಪಿದರೆ ಉಳಿದ ಮೂರೂ ವ್ಯರ್ಥ. ನೀರು ಕೆಟ್ಟಿದೆ ಎಂದು ಹೇಳಿ ಕೈತೊಳೆದುಕೊಂಡವರನ್ನು ಊರು ಮತ್ತೆ ಒಳಗೆ ಬಿಡುವುದಿಲ್ಲ.

ನಮ್ಮ ಕ್ಯಾಲೆಂಡರಿಗೂ ಊರಿನದಕ್ಕೂ ತಾಳೆಯಾಗದಿರುವುದು ದೊಡ್ಡ ತೊಡಕು. ನವೆಂಬರ್, ಡಿಸೆಂಬರಿನಲ್ಲಿ ಅಡಿಕೆಗೊನೆಯ ಕೊಯ್ಲು, ಸುಲಿತ, ಬೇಯಿಸುವುದು. ಆಗ ಯಾರನ್ನು ಮಾತಾಡಿಸಿದರೂ ಕಿವಿ ನಮ್ಮ ಕಡೆ, ಕಣ್ಣು ಹಂಡೆಯ ಕಡೆ. ಬಾವಿ ನೀರನ್ನು ವರ್ಷಕ್ಕೆರಡು ಸಲ ನೋಡಲೇಬೇಕು: ನೀರು ತಳ ಕಂಡಿರುವ ಏಪ್ರಿಲ್ ಕೊನೆಗೆ ಒಮ್ಮೆ, ಮಳೆ ಹಿಡಿದ ಮೇಲೆ ಜೂನ್, ಜುಲೈನಲ್ಲಿ ಇನ್ನೊಮ್ಮೆ. ಕೊಟ್ಟಿಗೆ, ಗೊಬ್ಬರಗುಂಡಿಯ ನೀರು ಹರಿದು ಬಾವಿ ಸೇರುವುದು ಮೊದಲ ಮಳೆಗಳಲ್ಲೇ. ಆ ಹೊತ್ತಿಗೆ ನಮ್ಮಲ್ಲಿ ಪರೀಕ್ಷೆ ಅಥವಾ ರಜೆ. ಎರಡನೆಯ ಸುತ್ತನ್ನು ವಿದ್ಯಾರ್ಥಿಗಳ ಮೇಲೆ ಹಾಕಿದರೆ ಅದು ನಡೆಯುವುದೇ ಇಲ್ಲ. ಜಲಜೀವನ್ ಮಿಷನ್ ಪ್ರತಿ ಹಳ್ಳಿಯ ಐದು ಮಹಿಳೆಯರಿಗೆ ಊರಲ್ಲೇ ನೀರು ಪರೀಕ್ಷಿಸುವ ಫೀಲ್ಡ್ ಕಿಟ್ ತರಬೇತಿ ಕೊಡಬೇಕು ಎನ್ನುತ್ತದೆ. ಅವರನ್ನೂ ಪಂಚಾಯಿತಿಯ ವಾಟರ್‌ಮನ್ನನ್ನೂ ಏಪ್ರಿಲ್ ಸುತ್ತಿನಲ್ಲೇ ಜೊತೆಗೆ ಕರೆದುಕೊಂಡು ಓಡಾಡಿದರೆ ಮಳೆಗಾಲದ ಸುತ್ತು ಅವರ ಕೈಯಲ್ಲಿ ನಡೆಯುತ್ತದೆ.

ಸ್ಯಾಂಪಲ್ ತೆಗೆಯುವಾಗ ತಪ್ಪುವುದು ಹೆಚ್ಚಾಗಿ ಬಾಟಲಿಯಲ್ಲೇ. ರಾಸಾಯನಿಕ ಪರೀಕ್ಷೆಗೆ 1 ಲೀಟರ್ ಕ್ಯಾನು, ಅದೇ ನೀರಿನಲ್ಲಿ ಮೂರು ಸಲ ಕುಲುಕಿ ತುಂಬಬೇಕು. ಬ್ಯಾಕ್ಟೀರಿಯಾ ಪರೀಕ್ಷೆಯ ಬಾಟಲಿಯನ್ನು ಮಾತ್ರ ತೊಳೆಯಲೇಬಾರದು. ಅದು ಹಬೆಯ ಒತ್ತಡದಲ್ಲಿ ಕ್ರಿಮಿ ಕೊಲ್ಲುವ ಆಟೋಕ್ಲೇವಿನಲ್ಲಿ 121 ಡಿಗ್ರಿಯಲ್ಲಿ 15 ನಿಮಿಷ ಇದ್ದು ಬಂದದ್ದು. ಹೊಸ ವಿದ್ಯಾರ್ಥಿಗಳು ಎರಡನ್ನೂ ಅದಲುಬದಲು ಮಾಡುತ್ತಾರೆ. ಮುಚ್ಚಳಕ್ಕೆ ಬೇರೆ ಬೇರೆ ಬಣ್ಣದ ಟೇಪ್ ಸುತ್ತಿದ ಮೇಲೆ ಈ ತಾಪತ್ರಯ ತಪ್ಪಿತು. ಕ್ಲೋರಿನ್ ಹಾಕಿದ ನಲ್ಲಿ ನೀರಾದರೆ ಬಾಟಲಿಯೊಳಗೆ ಮೊದಲೇ ಸೋಡಿಯಂ ಥಯೋಸಲ್ಫೇಟ್ ಇರಬೇಕು. ಇಲ್ಲದಿದ್ದರೆ ದಾರಿಯುದ್ದಕ್ಕೂ ಕ್ಲೋರಿನ್ ಕೆಲಸ ಮಾಡಿ ಕೆಟ್ಟ ನೀರೂ ಶುದ್ಧವೆಂದು ಬರುತ್ತದೆ. ಐಸ್ ಪೆಟ್ಟಿಗೆಯಲ್ಲಿಟ್ಟು ಅದೇ ದಿನ ಲ್ಯಾಬಿಗೆ ತರಬೇಕು. ಕೊನೆಯ ಬಸ್ಸು ನೋಡಿಕೊಂಡು ಮಾದರಿ ತೆಗೆಯುವುದನ್ನು ಮಧ್ಯಾಹ್ನ ಎರಡಕ್ಕೆ ನಿಲ್ಲಿಸುತ್ತೇವೆ.

ಊರವರ ಕೈಗೆ ಕೊಡುವುದು ಎಚ್‌ಟುಎಸ್ ಸೀಸೆ. ಗೆರೆಯವರೆಗೆ ನೀರು ತುಂಬಿ ಇಟ್ಟರೆ, ಮಲದ ಸೋಂಕು ಇದ್ದಲ್ಲಿ ನೀರು ಕಪ್ಪಾಗುತ್ತದೆ. ಮಳೆಗಾಲದ ಥಂಡಿಯಲ್ಲಿ ಕಪ್ಪಾಗುವುದು ನಿಧಾನ, 24 ಗಂಟೆಗೇ "ಚೆನ್ನಾಗಿದೆ" ಎನ್ನಬಾರದು, 48 ಗಂಟೆ ಕಾಯಬೇಕು. ಬಚ್ಚಲೊಲೆಯ ಹತ್ತಿರದ ಗೂಡಿನಲ್ಲಿ ಬೆಚ್ಚಗಿಟ್ಟರೆ ಒಳ್ಳೆಯದು, ಒಲೆಯ ಕಟ್ಟೆಯ ಮೇಲಲ್ಲ.

ಫಲಿತಾಂಶದ ಚೀಟಿ ಅರ್ಧ ಪುಟ ದಾಟದಿರಲಿ, ಕನ್ನಡದಲ್ಲೇ ಇರಲಿ. ನೈಟ್ರೇಟ್ ಮಿತಿ ಲೀಟರಿಗೆ 45 ಮಿಲಿಗ್ರಾಂ, ಪಿಎಚ್ (ನೀರಿನ ಆಮ್ಲ-ಕ್ಷಾರದ ಅಳತೆ) 6.5ರಿಂದ 8.5 ಎಂದು ಒಂದು ಕಡೆ, ನಿಮ್ಮ ಬಾವಿಯದು ಇಷ್ಟು ಎಂದು ಇನ್ನೊಂದು ಕಡೆ, ಕೆಳಗೆ ಏನು ಮಾಡಬೇಕು ಎಂಬ ಒಂದು ಸಾಲು. ಜಂಬಿಟ್ಟಿಗೆ ಮಣ್ಣಿನ ಬಾವಿಗಳಲ್ಲಿ ಪಿಎಚ್ 6.5ಕ್ಕಿಂತ ಕೆಳಗಿರುವುದು ಅಪರೂಪವಲ್ಲ. ಅದನ್ನೂ ಮಲದ ಸೋಂಕನ್ನೂ ಒಂದೇ ಕೆಂಪು ಬಣ್ಣದಲ್ಲಿ ತೋರಿಸಿದರೆ ಜನ ಸುಮ್ಮನೆ ಹೆದರುತ್ತಾರೆ. ಪಂಚಾಯಿತಿ ಬೋರ್ಡಿನಲ್ಲಿ ಹಾಕುವ ಪಟ್ಟಿಯಲ್ಲಿ ಮನೆಯ ಹೆಸರು ಬೇಡ, ಬಾವಿಯ ನಂಬರ್ ಸಾಕು. ಒಬ್ಬರ ಶೌಚಗುಂಡಿ ಇನ್ನೊಬ್ಬರ ಬಾವಿಯಿಂದ 15 ಮೀಟರಿಗಿಂತ ಹತ್ತಿರವಿದ್ದರೆ ಅದನ್ನು ಸಭೆಯಲ್ಲಿ ಎತ್ತದೆ ಎರಡೂ ಮನೆಯ ಜಗಲಿಯಲ್ಲಿ ಬೇರೆ ಬೇರೆಯಾಗಿ ಕೂತು ಹೇಳಬೇಕು. ಗಡಿ ಜಗಳ ಮೊದಲೇ ಇದ್ದರೆ ನಮ್ಮ ಚೀಟಿ ವಕೀಲರ ಫೈಲಿಗೆ ಸೇರುತ್ತದೆ.

ಬಾವಿಗೆ ಬ್ಲೀಚಿಂಗ್ ಪೌಡರನ್ನು ಅಂದಾಜಿನಲ್ಲಿ ಸುರಿಯುವ ರೂಢಿ ಎಲ್ಲ ಕಡೆ ಇದೆ. ಲೆಕ್ಕ ಕಷ್ಟವಲ್ಲ. ಬಾವಿಯ ಅಡ್ಡಳತೆಯನ್ನು ಅದರಿಂದಲೇ ಗುಣಿಸಿ, ನೀರಿನ ಆಳದಿಂದ ಗುಣಿಸಿ, 0.785ರಿಂದ ಗುಣಿಸಿದರೆ ಘನಮೀಟರ್ ಸಿಗುತ್ತದೆ. 2 ಮೀಟರ್ ಅಗಲ, 3 ಮೀಟರ್ ನೀರು ಇದ್ದರೆ ಸುಮಾರು 9,400 ಲೀಟರ್. ಒಳ್ಳೆಯ ಪುಡಿ 1,000 ಲೀಟರಿಗೆ 2.5 ಗ್ರಾಂ ಬೇಕು, ಅಂದರೆ ಈ ಬಾವಿಗೆ 24 ಗ್ರಾಂ. ಬಕೆಟ್ಟಿನಲ್ಲಿ ಮೊದಲು ಸ್ವಲ್ಪ ನೀರು ಹಾಕಿ ಗಟ್ಟಿಯಾಗಿ ಕಲಸಿ, ಮುಕ್ಕಾಲು ಬಕೆಟ್ ನೀರು ಸೇರಿಸಿ, ಐದು ಹತ್ತು ನಿಮಿಷ ಬಿಟ್ಟರೆ ಸುಣ್ಣ ತಳಕ್ಕೆ ಕೂರುತ್ತದೆ. ಮೇಲಿನ ತಿಳಿಯನ್ನಷ್ಟೇ ಇನ್ನೊಂದು ಬಕೆಟ್ಟಿಗೆ ಬಗ್ಗಿಸಿ ಬಾವಿಗಿಳಿಸಿ ಚೆನ್ನಾಗಿ ಕಲಕಿ, ಒಂದು ಗಂಟೆ ನೀರು ಸೇದಬಾರದು. ತಳದ ಸುಣ್ಣವನ್ನು ಬಾವಿಗೆ ಹಾಕಬೇಡಿ. ಆಮೇಲೆ ಉಳಿಕೆ ಕ್ಲೋರಿನ್ ಲೀಟರಿಗೆ 0.5 ಮಿಲಿಗ್ರಾಂ ತೋರಿಸಬೇಕು. ತೋರಿಸದಿದ್ದರೆ ಹೆಚ್ಚಾಗಿ ತಪ್ಪು ಪುಡಿಯದು. ಹೊಸ ಪುಡಿಯಲ್ಲಿ ಶೇ 33ರಷ್ಟು ಕ್ಲೋರಿನ್ ಇರುತ್ತದೆ, ಬಾಯಿ ಬಿಚ್ಚಿದ ಚೀಲ ಮಲೆನಾಡಿನ ಮಳೆಗಾಲದ ತೇವಕ್ಕೆ ಬೇಗ ಸತ್ವ ಕಳೆದುಕೊಳ್ಳುತ್ತದೆ. 25 ಕಿಲೋ ಚೀಲ ಅಗ್ಗವೆಂದು ತರುವ ಬದಲು ಸಣ್ಣ ಪ್ಯಾಕೆಟ್ ತಂದು ಬಿಗಿ ಮುಚ್ಚಳದ ಡಬ್ಬಿಯಲ್ಲಿಡಿ.

ಗುಡ್ಡದಿಂದ ತಾನಾಗಿ ಹರಿದು ಬರುವ ಕಾಡಂಚಿನ ಅಬ್ಬಿ ನೀರಿನ ಮೂಲಕ್ಕೆ ವಿದ್ಯಾರ್ಥಿಗಳನ್ನು ಕಳಿಸುವ ಮುನ್ನ ಆಶಾ ಕಾರ್ಯಕರ್ತೆಯನ್ನು ಕೇಳಬೇಕು. ಉಣುಗು ಕಚ್ಚಿ ಹರಡುವ ಮಂಗನ ಕಾಯಿಲೆ ಮೊದಲು ಗುರುತಾಗಿದ್ದು 1957ರಲ್ಲಿ, ಇದೇ ಜಿಲ್ಲೆಯ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ. ಡಿಸೆಂಬರಿನಿಂದ ಮೇ ತನಕ ಉಣುಗಿನ ಕಾಲ, ಅಂದರೆ ನಮ್ಮ ಏಪ್ರಿಲ್ ಸುತ್ತು ಅದರೊಳಗೇ ಬೀಳುತ್ತದೆ. ಮಂಗ ಸತ್ತ ಸುದ್ದಿ ಇದ್ದರೆ ಆ ಮೂಲ ಬಿಟ್ಟುಬಿಡುತ್ತೇವೆ. ಇಲ್ಲದಿದ್ದರೂ ತುಂಬುತೋಳು, ಕಾಲುಚೀಲದೊಳಗೆ ತುರುಕಿದ ಪ್ಯಾಂಟು, ಉಣುಗು ಹತ್ತದಂತೆ ಮೈಗೆ ಹಚ್ಚುವ ಡೆಪಾ ಎಣ್ಣೆ ಕಡ್ಡಾಯ. ತರಗೆಲೆಯ ಮೇಲೆ ಕೂತು ಊಟ ಮಾಡುವಂತಿಲ್ಲ.

ವಿದ್ಯಾರ್ಥಿಗಳ ವೇಳೆಯನ್ನು ಎನ್‌ಎಸ್‌ಎಸ್ ಲೆಕ್ಕಕ್ಕೆ ಹಿಡಿಯಬಹುದು, ವರ್ಷಕ್ಕೆ 120 ಗಂಟೆ ಹೇಗೂ ಇದೆ. ಏಳು ದಿನದ ಶಿಬಿರದಲ್ಲಿ ಶಾಲೆಯಂಗಳ ಗುಡಿಸುವುದಕ್ಕಿಂತ ಬಾವಿ ಅಳೆದು ನಂಬರ್ ಬರೆಯುವುದು ಮೇಲು. ನಂಬರನ್ನು ಬಾವಿಕಟ್ಟೆಯ ಒಳಮೈಗೆ ಎಣ್ಣೆಬಣ್ಣದಲ್ಲಿ ಬರೆಸಿ. ಹೊರಮೈಗೆ ಬರೆದದ್ದು ಒಂದು ಮಳೆಗಾಲದ ಪಾಚಿಗೆ ಮುಚ್ಚಿಹೋಗುತ್ತದೆ. ರಿಜಿಸ್ಟರಿನ ಮೂಲ ಪ್ರತಿ ಪಂಚಾಯಿತಿಯಲ್ಲಿರಲಿ, ನಕಲು ನಮ್ಮ ಲ್ಯಾಬಿನಲ್ಲಿ.