ಓಡುತ್ತಿರುವ ಗಾಡಿಗೆ ಹೊಸ ಮ್ಯಾಪ್ ಕಳಿಸುವುದು ಹೇಗೆ?

ಮೇಲ್ಸೇತುವೆ ತೆರೆದು ಎರಡು ತಿಂಗಳಾಗಿದೆ. ಗಾಡಿಯೊಳಗಿನ ಮ್ಯಾಪ್‌ಗೆ ಮಾತ್ರ ಅದು ಗೊತ್ತಿಲ್ಲ. ಚಾಲಕರು ಸೇತುವೆ ಮೇಲೆ ಹೋಗುತ್ತಿದ್ದಾರೆ, ಮ್ಯಾಪ್ ಅವರು ಕೆಳಗಿನ ರಸ್ತೆಯಲ್ಲೇ ಇದ್ದಾರೆ ಅಂದುಕೊಂಡು ‘ಎಡಕ್ಕೆ ತಿರುಗಿ’ ಅನ್ನುತ್ತದೆ. ಇದನ್ನು ಸರಿ ಮಾಡಲು ಹೊರಟ ಕೆಲವು ತಂಡಗಳ ಕೆಲಸವನ್ನು ಹತ್ತಿರದಿಂದ ನೋಡಿದ್ದೇನೆ. ಎಲ್ಲರೂ ಡೌನ್‌ಲೋಡ್ ಬಗ್ಗೆಯೇ ತಲೆ ಕೆಡಿಸಿಕೊಳ್ಳುತ್ತಾರೆ. ಆದರೆ ಎಡವುವುದು ಅದಾದ ಮೇಲೆ, ಗಾಡಿ ಓಡುತ್ತಿರುವಾಗಲೇ ಹಳೆ ಮ್ಯಾಪ್ ತೆಗೆದು ಹೊಸದನ್ನು ಕೂರಿಸುವಾಗ. ಅದನ್ನು ಉದ್ದಕ್ಕೆ ಬರೆಯುತ್ತೇನೆ, ಉಳಿದದ್ದನ್ನು ಬೇಗ ಮುಗಿಸುತ್ತೇನೆ.

ನಿಮ್ಮ ಹತ್ತಿರ ಇರುವುದು ನಾಲ್ಕೈದು ಗಾಡಿ ಅಂದರೆ ಇಷ್ಟೆಲ್ಲ ಬೇಡ. ಆಫ್‌ಲೈನ್ ಮ್ಯಾಪ್ ಇರುವ ಒಂದು ಆ್ಯಪ್ ಹಾಕಿ, ರಾತ್ರಿ ಗಾಡಿ ನಿಂತಾಗ ವೈಫೈನಲ್ಲಿ ಅಪ್‌ಡೇಟ್ ಮಾಡಿಸಿ, ಸಾಕು. ಮುಂದಿನದು ನೂರಾರು ಗಾಡಿ ಇದ್ದು, ಸ್ವಂತ ವ್ಯವಸ್ಥೆ ಕಟ್ಟುತ್ತಿರುವವರಿಗೆ.

ಮೊದಲು, ಯಾವುದು ಎಷ್ಟು ಬೇಗ ಬದಲಾಗುತ್ತದೆ ನೋಡಿ

ರಸ್ತೆಗಳ ಜಾಲ ವಾರಗಳಲ್ಲಿ ಬದಲಾಗುತ್ತದೆ, ರಸ್ತೆ ಮುಚ್ಚುವುದು ಗಂಟೆಗಳಲ್ಲಿ, ಟ್ರಾಫಿಕ್ ನಿಮಿಷಗಳಲ್ಲಿ. ಈ ಮೂರನ್ನೂ ಒಂದೇ ಫೈಲಿಗೆ ತುಂಬಬೇಡಿ. ರಸ್ತೆಗಳ ಜಾಲ ಕೆಳಗಿರಲಿ, ಉಳಿದೆರಡು ಅದರ ಮೇಲೆ ಹೊದಿಸಿದ ಪದರಗಳಾಗಿರಲಿ.

ಇಲ್ಲೊಂದು ಎಚ್ಚರಿಕೆ. ‘ಲೈವ್ ಮ್ಯಾಪ್’ ಎಂದು ಮಾರುವ ಕೆಲವು ಉಪಕರಣಗಳಲ್ಲಿ ಲೈವ್ ಆಗಿರುವುದು ಟ್ರಾಫಿಕ್‌ನ ಬಣ್ಣ ಮಾತ್ರ. ಕೆಳಗಿನ ರಸ್ತೆ ವರ್ಷದ ಹಿಂದಿನದು. ಕೊಳ್ಳುವ ಮೊದಲು ರಸ್ತೆಗಳ ಡೇಟಾ ಯಾವ ತಾರೀಕಿನದು ಎಂದು ಕೇಳಿ. ತಾರೀಕು ಹೇಳದವರಿಂದ ತಗೋಬೇಡಿ.

ಡೇಟಾ ಎಲ್ಲಿಂದ?

ದುಡ್ಡು ಕೊಟ್ಟು ಪರವಾನಗಿ ಪಡೆಯಬಹುದು, ಇಲ್ಲವೇ 2004ರಲ್ಲಿ ಶುರುವಾದ, ಯಾರು ಬೇಕಾದರೂ ತಿದ್ದಬಹುದಾದ ಮುಕ್ತ ಮ್ಯಾಪ್ ಓಪನ್‌ಸ್ಟ್ರೀಟ್‌ಮ್ಯಾಪ್ ಬಳಸಬಹುದು. ಅದರಲ್ಲಿ ಪ್ರತಿ ನಿಮಿಷ, ಪ್ರತಿ ಗಂಟೆ, ಪ್ರತಿ ದಿನದ ಬದಲಾವಣೆಗಳು ಬೇರೆ ಬೇರೆ ಫೈಲುಗಳಾಗಿ ಸಿಗುತ್ತವೆ, ಒಂದೊಂದಕ್ಕೂ ಕ್ರಮಸಂಖ್ಯೆ ಇರುತ್ತದೆ. ಮೂಲದ ಹೆಸರು ಹಾಕುವುದು ಕಡ್ಡಾಯ, ಮರೀಬೇಡಿ.

ನಿಮಿಷದ ಫೈಲ್ ಸಿಗುತ್ತದೆ ಎಂದು ಅದನ್ನು ನೇರ ಗಾಡಿಗೆ ಹರಿಸಬೇಡಿ. ಎಲ್ಲೋ ಒಬ್ಬರು ಕೈತಪ್ಪಿ ಹೆದ್ದಾರಿಯ ಒಂದು ತುಂಡು ಅಳಿಸಿದರೆ ನಿಮ್ಮ ಗಾಡಿಗಳೆಲ್ಲ ಸುತ್ತು ಹಾಕುತ್ತವೆ. ಅಳಿಸಿದವರು ಅರ್ಧ ಗಂಟೆಯಲ್ಲಿ ಸರಿ ಮಾಡಿರಬಹುದು, ಆದರೆ ಅಷ್ಟರಲ್ಲಿ ಗಾಡಿ ಎಲ್ಲಿಗೋ ಹೋಗಿರುತ್ತದೆ. ಸರ್ವರ್‌ನಲ್ಲಿ ನಿಮಿಷಕ್ಕೊಮ್ಮೆ ತಗೊಳ್ಳಿ, ಪರೀಕ್ಷೆ ಮಾಡಿ, ಗಾಡಿಗೆ ದಿನಕ್ಕೊಂದೇ ಆವೃತ್ತಿ ಬಿಡಿ. ನನ್ನ ಪ್ರಕಾರ ದಿನಕ್ಕೊಂದೂ ಜಾಸ್ತಿ, ವಾರಕ್ಕೊಂದು ಸಾಕು. ತುರ್ತಾಗಿ ರಸ್ತೆ ಮುಚ್ಚಿದ ಸುದ್ದಿ ಹೇಗೂ ಬೇರೆ ಪದರದಲ್ಲಿ ಬರುತ್ತದೆ ಅಲ್ವಾ?

ಮ್ಯಾಪನ್ನು ಕತ್ತರಿಸುವುದು

ಇಡೀ ದೇಶದ ಫೈಲನ್ನು ಪ್ರತಿ ಸಲ ಕಳಿಸಲು ಆಗುವುದಿಲ್ಲ, ಟೈಲ್ ಎಂಬ ಚೌಕದ ತುಂಡುಗಳಾಗಿ ಕತ್ತರಿಸಬೇಕು. ತೆರೆಯ ಮೇಲೆ ಚಿತ್ರ ತೋರಿಸುವ ಟೈಲ್ ಬೇರೆ, ದಾರಿ ಹುಡುಕುವ ಟೈಲ್ ಬೇರೆ. ವೆಬ್ ಮ್ಯಾಪ್‌ಗಳ 14ನೇ ಝೂಮ್‌ನಲ್ಲಿ ಭೂಮಿ 16,384 ಅಡ್ಡ, 16,384 ಉದ್ದ ಟೈಲ್‌ಗಳಾಗುತ್ತದೆ. ಸಮಭಾಜಕದ ಹತ್ತಿರ ಒಂದೊಂದೂ ಸುಮಾರು 2.4 ಕಿಲೋಮೀಟರ್ ಅಗಲ. ಗಂಟೆಗೆ 100 ಕಿಲೋಮೀಟರ್ ವೇಗದ ಗಾಡಿ ಅದನ್ನು ಒಂದೂವರೆ ನಿಮಿಷದೊಳಗೆ ದಾಟಿಬಿಡುತ್ತದೆ. ದಾರಿ ಹುಡುಕಲು ಅಷ್ಟು ಸಣ್ಣ ತುಂಡು ಬೇಡವೇ ಬೇಡ. ವಲ್ಹಾಲಾ ಎಂಬ ಮುಕ್ತ ತಂತ್ರಾಂಶ ಅಕ್ಷಾಂಶ ರೇಖಾಂಶದ ಲೆಕ್ಕದಲ್ಲಿ ಹೆದ್ದಾರಿಗಳಿಗೆ 4 ಡಿಗ್ರಿ, ಮುಖ್ಯ ರಸ್ತೆಗಳಿಗೆ 1 ಡಿಗ್ರಿ, ಸಣ್ಣ ರಸ್ತೆಗಳಿಗೆ ಕಾಲು ಡಿಗ್ರಿಯ ಟೈಲ್ ಇಟ್ಟುಕೊಂಡಿದೆ. ಆ ಅಳತೆಯನ್ನೇ ಕಣ್ಣುಮುಚ್ಚಿ ಅನುಸರಿಸಿ. ದೂರದ ಊರಿಗೆ ಹೋಗುವ ಗಾಡಿಗೆ ನಡುವಿನ ಹೆದ್ದಾರಿಗಳು ಬೇಕು, ದಾರಿಯಲ್ಲಿ ಸಿಗುವ ಪ್ರತಿ ಊರಿನ ಗಲ್ಲಿಗಳು ಬೇಡ.

ಕಳಿಸುವುದು

ಇದು ಸುಲಭ. ‘ಹೊಸದು ಬಂದಿದೆ’ ಎಂಬ ಚಿಕ್ಕ ಸಂದೇಶವನ್ನು ಎಂಕ್ಯೂಟಿಟಿ (ಉಪಕರಣಗಳಿಗೆ ಚಿಕ್ಕ ಸಂದೇಶ ಕಳಿಸುವ ವಿಧಾನ) ಮೂಲಕ ಗಾಡಿಗೆ ತಳ್ಳಿ, ಡೇಟಾವನ್ನು ಗಾಡಿಯೇ ಎಚ್‌ಟಿಟಿಪಿಯಲ್ಲಿ ಎಳೆದುಕೊಳ್ಳಲಿ. ಸುರಂಗದಲ್ಲಿ ಸಿಗ್ನಲ್ ಹೋಗುತ್ತದೆ, ಹಾಗಾಗಿ ನಿಂತಲ್ಲಿಂದ ಮುಂದುವರಿಸುವ ರೇಂಜ್ ಕೋರಿಕೆ ಇರಲೇಬೇಕು. ಹೊರಡುವ ಮೊದಲೇ ದಾರಿ ಗೊತ್ತಿದ್ದರೆ ಅದರ ಉದ್ದಕ್ಕೂ ಇರುವ ಟೈಲ್ ಮೊದಲು ತರಿಸಿ. ದಾರಿ ಗೊತ್ತಿಲ್ಲದಿದ್ದರೆ ಗಾಡಿಯ ಸುತ್ತಲಿನದು, ಆಮೇಲೆ ಮುಖ ಮಾಡಿರುವ ದಿಕ್ಕಿನದು. ಎಲ್ಲ ಗಾಡಿಯೂ ಒಂದೇ ಕ್ಷಣಕ್ಕೆ ಕೇಳದಂತೆ ಒಂದೊಂದಕ್ಕೂ ಬೇರೆ ಬೇರೆ ತಡ ಸೇರಿಸಿ. ಬೆಳಗ್ಗೆ ಎಲ್ಲ ಗಾಡಿಗಳೂ ಒಟ್ಟಿಗೆ ಸ್ಟಾರ್ಟ್ ಆಗುವ ಕಡೆ ಇದಿಲ್ಲದೆ ಸರ್ವರ್ ಮಲಗಿದ್ದನ್ನು ನೋಡಿದ್ದೇನೆ.

ಡೇಟಾ ಉಳಿಸಲು ‘ಬದಲಾದಷ್ಟೇ’ ಕಳಿಸುವ ಪ್ಯಾಚ್ ಹುಚ್ಚಿಗೆ ಬೀಳಬೇಡಿ. ಗಾಡಿ ಎರಡು ತಿಂಗಳು ಶೆಡ್ಡಿನಲ್ಲಿ ನಿಂತಿತು ಅಂದುಕೊಳ್ಳಿ. ವಾರಕ್ಕೊಂದರಂತೆ ಎಂಟು ಪ್ಯಾಚ್ ಸಾಲಾಗಿ ಹಾಕಬೇಕು, ನಡುವೆ ಒಂದು ಕೆಟ್ಟರೂ ಮುಂದಿನವೆಲ್ಲ ವ್ಯರ್ಥ. ಬದಲಾದ ಟೈಲನ್ನು ಪೂರ್ತಿ ಕಳಿಸಿ. ಸ್ವಲ್ಪ ಡೇಟಾ ಜಾಸ್ತಿ ಹೋಗಬಹುದು, ಆದರೆ ಯಾವ ಹಳೆಯ ಆವೃತ್ತಿಯಿಂದ ಬಂದರೂ ಗಾಡಿ ಸರಿಯಾಗಿ ಹೊಸದಕ್ಕೆ ಬರುತ್ತದೆ.

ಕೂರಿಸುವುದು: ಎಲ್ಲರೂ ಎಡವುವ ಜಾಗ

ನಾನು ನೋಡಿದ ಮೊದಲ ತಪ್ಪು ಇದು. ಒಂದು ಸಾಗಣೆ ಕಂಪನಿಯಲ್ಲಿ ಟೈಲ್ ಬಂದ ಹಾಗೆಲ್ಲ ಹಳೆಯದರ ಮೇಲೆ ಬರೆಯುತ್ತಿದ್ದರು. ಅರ್ಧ ಬರುವಷ್ಟರಲ್ಲಿ ಸಿಗ್ನಲ್ ಹೋಯಿತು. ಈಗ ಪಕ್ಕಪಕ್ಕದ ಎರಡು ಟೈಲ್‌ಗಳಲ್ಲಿ ಒಂದು ಹೊಸದು, ಒಂದು ಹಳೆಯದು. ಹೊಸ ಟೈಲ್‌ನಲ್ಲಿ ಒಂದು ರಸ್ತೆ ಎರಡು ತುಂಡಾಗಿದೆ, ಅದಕ್ಕೆ ಹೊಸ ಸಂಖ್ಯೆ ಬಂದಿದೆ. ಹಳೆ ಟೈಲ್ ಇನ್ನೂ ಹಳೆ ಸಂಖ್ಯೆಯನ್ನೇ ಹುಡುಕುತ್ತಿದೆ. ಕೊಂಡಿ ಸಿಗಲಿಲ್ಲ ಎಂದರೆ ದಾರಿ ಹುಡುಕುವ ತಂತ್ರಾಂಶಕ್ಕೆ ರಸ್ತೆ ಅಲ್ಲೇ ಮುಗಿದ ಹಾಗೆ. ತೆರೆಯ ಮೇಲೆ ರಸ್ತೆ ನೆಟ್ಟಗೆ ಕಾಣುತ್ತದೆ, ಆದರೂ ಗಾಡಿಗೆ ದೊಡ್ಡ ಸುತ್ತು ತೋರಿಸುತ್ತದೆ. ಚಿತ್ರ ಸರಿಯಿರುವುದರಿಂದ ಯಾರಿಗೂ ತಪ್ಪು ಎಲ್ಲಿದೆ ಎಂದೇ ಹೊಳೆಯುವುದಿಲ್ಲ. ಆ ತಂಡ ದಿನಗಟ್ಟಲೆ ಜಿಪಿಎಸ್ ಮೇಲೆ ಅನುಮಾನಪಟ್ಟಿತ್ತು.

ಹಾಗಾಗಿ ಹೀಗೆ ಮಾಡಿ. ಪ್ರತಿ ಟೈಲ್‌ನ ಎಸ್‌ಎಚ್‌ಎ-256 ಹ್ಯಾಶನ್ನೇ (ಒಳಗಿನ ಡೇಟಾದಿಂದ ಲೆಕ್ಕ ಹಾಕಿದ ಗುರುತು, ಡೇಟಾ ಬದಲಾದರೆ ಅದೂ ಬದಲಾಗುತ್ತದೆ) ಅದರ ಫೈಲ್ ಹೆಸರು ಮಾಡಿ. ಪ್ರತಿ ಆವೃತ್ತಿಗೂ ಒಂದು ಪಟ್ಟಿ ಮಾಡಿ, ಯಾವ ಜಾಗಕ್ಕೆ ಯಾವ ಹ್ಯಾಶ್ ಎಂಬುದಷ್ಟೇ ಅದರಲ್ಲಿರಲಿ. ಬದಲಾಗದ ಟೈಲ್‌ಗೆ ಎರಡೂ ಆವೃತ್ತಿಯಲ್ಲಿ ಒಂದೇ ಹೆಸರು, ಆದ್ದರಿಂದ ಅದನ್ನು ಮತ್ತೆ ಇಳಿಸಬೇಕಿಲ್ಲ, ಎರಡು ಕಡೆ ಇಡಬೇಕಿಲ್ಲ. ಹೊಸ ಟೈಲ್‌ಗಳು ಹಳೆಯವುಗಳ ಪಕ್ಕದಲ್ಲೇ ಬಂದು ಕೂರುತ್ತವೆ, ಯಾವುದರ ಮೇಲೂ ಬರೆಯುವುದಿಲ್ಲ. ಎಲ್ಲ ಬಂದು, ಹ್ಯಾಶ್ ತಾಳೆಯಾದ ಮೇಲೆ ‘ಈಗಿನ ಪಟ್ಟಿ ಇದು’ ಎನ್ನುವ ಒಂದು ಚಿಕ್ಕ ಫೈಲ್ ಮಾತ್ರ ಬದಲಾಗಬೇಕು. ಮ್ಯಾಪ್ ಬದಲಾಗುವುದು ಆ ಒಂದು ಕ್ಷಣದಲ್ಲಿ.

ಆ ಚಿಕ್ಕ ಫೈಲನ್ನೂ ನೇರ ತಿದ್ದಬೇಡಿ. ಚಾಲಕರು ಕೀ ತಿರುಗಿಸಿ ಇಳಿದರೆ ಕರೆಂಟ್ ಅಲ್ಲೇ ಹೋಗುತ್ತದೆ, ನಿಮ್ಮ ಬರವಣಿಗೆ ಮುಗಿಯುವ ತನಕ ಯಾರೂ ಕಾಯುವುದಿಲ್ಲ. ಬೇರೆ ಹೆಸರಿನಲ್ಲಿ ಬರೆದು, ಎಫ್‌ಸಿಂಕ್ ಮಾಡಿ (ಬರೆದದ್ದು ನಿಜವಾಗಿ ಡಿಸ್ಕಿಗೆ ಇಳಿಯುವಂತೆ ಮಾಡುವ ಆದೇಶ), ಆಮೇಲೆ ಹೆಸರು ಬದಲಿಸಿ. ಎರಡೂ ಒಂದೇ ಫೈಲ್ ಸಿಸ್ಟಂನಲ್ಲಿರಬೇಕು, ಇಲ್ಲದಿದ್ದರೆ ಹೆಸರು ಬದಲಿಸುವುದು ಸುಮ್ನೆ ನಕಲು ಮಾಡಿದಂತಾಗಿ ಮತ್ತೆ ಅರ್ಧಕ್ಕೆ ನಿಲ್ಲಬಹುದು.

‘ಇಡೀ ದೇಶದ ಟೈಲ್ ಬರುವ ತನಕ ಕಾಯಬೇಕಾ?’ ಎಂದು ಕೇಳುತ್ತಾರೆ. ಬೇಡ. ದೇಶವನ್ನು ವಲಯಗಳಾಗಿ ಮಾಡಿ, ಒಂದೊಂದು ವಲಯಕ್ಕೂ ಅದರದೇ ಪಟ್ಟಿ ಕೊಡಿ. ವಲಯಗಳ ಗಡಿಯಲ್ಲಿ ಮಾತ್ರ ಜಾಸ್ತಿ ಜಾಗ್ರತೆ ಬೇಕು. ಗಡಿ ದಾಟುವ ರಸ್ತೆಗಳನ್ನು ಒಳಗಿನ ಸಂಖ್ಯೆಯಿಂದ ಜೋಡಿಸಬೇಡಿ, ಗಡಿಯ ಬಿಂದುವಿನ ಅಕ್ಷಾಂಶ ರೇಖಾಂಶದಿಂದ ಜೋಡಿಸಿ. ಓಪನ್‌ಸ್ಟ್ರೀಟ್‌ಮ್ಯಾಪ್ ದಶಮಾಂಶದ ಏಳು ಸ್ಥಾನ ಇಡುತ್ತದೆ, ಅಂದರೆ ಸುಮಾರು ಒಂದು ಸೆಂಟಿಮೀಟರ್. ಅದನ್ನು ಪೂರ್ಣಾಂಕವಾಗಿ ಇಟ್ಟು ಹೋಲಿಸಿ. ದಶಮಾಂಶವಾಗಿಯೇ ಹೋಲಿಸಿದರೆ ಕೊನೆಯ ಅಂಕಿಯ ಸಣ್ಣ ವ್ಯತ್ಯಾಸಕ್ಕೆ ಕೊಂಡಿ ತಪ್ಪುತ್ತದೆ.

ಇನ್ನು, ಯಾವಾಗ ಬದಲಿಸಬೇಕು? ಗಾಡಿ ಸ್ಟಾರ್ಟ್ ಆಗಿ ದಾರಿ ಹುಡುಕುವ ಮೊದಲು, ಇದು ಎಲ್ಲಕ್ಕಿಂತ ಒಳ್ಳೆಯದು. ಆದರೆ ಹತ್ತು ಗಂಟೆ ನಿಲ್ಲದೆ ಓಡುವ ಗಾಡಿಗೆ ನಡುವೆ ಬದಲಿಸಲೇಬೇಕಾಗಬಹುದು. ಆಗ ಹಳೆ ಆವೃತ್ತಿಯ ದಾರಿಯನ್ನು ಕೈಬಿಡದೆ, ಹಿಂಬದಿಯಲ್ಲಿ ಹೊಸ ಆವೃತ್ತಿಯ ಮೇಲೆ ದಾರಿ ಹುಡುಕಿ. ಗಾಡಿ ಹೊಸ ಮ್ಯಾಪ್‌ನಲ್ಲೂ ರಸ್ತೆಯ ಮೇಲೇ ಕೂರುತ್ತದಾ ನೋಡಿ. ಮುಂದಿನ ಒಂದು ಕಿಲೋಮೀಟರಿನಲ್ಲಿ ತಿರುವು ಇದ್ದರೆ ಕಾಯಿರಿ. ತಿರುವಿನ ಹತ್ತಿರ ಸೂಚನೆ ಬದಲಾದರೆ ಚಾಲಕರು ಗಲಿಬಿಲಿಯಾಗಿ ಬ್ರೇಕ್ ಒತ್ತುತ್ತಾರೆ, ಹಿಂದೆ ಬರುತ್ತಿರುವವರಿಗೂ ಅಪಾಯ. ಈ ಒಂದು ವಿಷಯದಲ್ಲಿ ಯಾರು ಎಷ್ಟೇ ಅವಸರ ಮಾಡಿದರೂ ಬಗ್ಗಬೇಡಿ.

ಮುಚ್ಚಿದ ರಸ್ತೆಯ ಸುದ್ದಿ

ಸರ್ವರ್ ಹತ್ತನೇ ಆವೃತ್ತಿಯಲ್ಲಿದೆ, ಗಾಡಿ ಎಂಟರಲ್ಲಿದೆ. ‘ಇಂತಿಷ್ಟನೇ ಸಂಖ್ಯೆಯ ರಸ್ತೆ ಬಂದ್’ ಎಂದು ಕಳಿಸಿದರೆ ಎಂಟರಲ್ಲಿ ಆ ಸಂಖ್ಯೆ ಬೇರೆ ರಸ್ತೆಯದಾಗಿರಬಹುದು. ಒಳ್ಳೆ ರಸ್ತೆ ಮುಚ್ಚಿಹೋಗುತ್ತದೆ, ಮುಚ್ಚಿದ ರಸ್ತೆ ತೆರೆದೇ ಇರುತ್ತದೆ. ಇದಕ್ಕೆ ಓಪನ್‌ಎಲ್‌ಆರ್ ಎಂಬ, ರಸ್ತೆಯ ಜಾಗ ಹೇಳುವ ಪದ್ಧತಿ ಬಳಸಿ. ಮ್ಯಾಪ್ ಕಂಪನಿ ಟಾಮ್‌ಟಾಮ್ 2009ರಲ್ಲಿ ಇದನ್ನು ಮುಕ್ತವಾಗಿ ಕೊಟ್ಟಿತು. ಇದರಲ್ಲಿ ರಸ್ತೆಯ ಸಂಖ್ಯೆ ಹೋಗುವುದಿಲ್ಲ. ಬಿಂದುವಿನ ಜಾಗ, ರಸ್ತೆ ಯಾವ ದಿಕ್ಕಿಗೆ ಹೊರಡುತ್ತದೆ, ಎಂಥ ರಸ್ತೆ, ಮುಂದಿನ ಬಿಂದು ಎಷ್ಟು ದೂರ, ಇಷ್ಟು ಹೋಗುತ್ತದೆ. ಗಾಡಿ ತನ್ನ ಮ್ಯಾಪ್‌ನಲ್ಲಿ ಅದಕ್ಕೆ ಹೊಂದುವ ರಸ್ತೆಯನ್ನು ತಾನೇ ಹುಡುಕಿಕೊಳ್ಳುತ್ತದೆ. ಹೊಂದುವುದು ಸಿಗದಿದ್ದರೆ ಊಹೆ ಮಾಡದೆ ಸುದ್ದಿಯನ್ನು ಬಿಟ್ಟುಬಿಡಲಿ.

ಪ್ರತಿ ಸುದ್ದಿಗೂ ಮುಗಿಯುವ ಸಮಯ ಹಾಕಿ. ‘ರಸ್ತೆ ತೆರೆಯಿತು’ ಎಂಬ ಸಂದೇಶ ಬರುವ ಹೊತ್ತಿಗೆ ಗಾಡಿ ಸಿಗ್ನಲ್ ಇಲ್ಲದ ಕಡೆ ಇರಬಹುದು.

ಸಹಿ, ಮತ್ತು ಹಿಂದಕ್ಕೆ ಬರುವ ದಾರಿ

ಪಟ್ಟಿಗೆ ಡಿಜಿಟಲ್ ಸಹಿ ಹಾಕಿ. ಪಟ್ಟಿಯಲ್ಲಿ ಎಲ್ಲ ಹ್ಯಾಶ್ ಇರುವುದರಿಂದ ಆ ಒಂದು ಸಹಿ ಎಲ್ಲ ಟೈಲ್‌ಗಳನ್ನೂ ಕಾಯುತ್ತದೆ. ತನ್ನಲ್ಲಿರುವುದಕ್ಕಿಂತ ಕಡಿಮೆ ಸಂಖ್ಯೆಯ ಆವೃತ್ತಿಯನ್ನು ಗಾಡಿ ಒಪ್ಪಬಾರದು, ಇಲ್ಲದಿದ್ದರೆ ಹಳೆಯ ಸಹಿ ಇರುವ ಪಟ್ಟಿಯನ್ನೇ ಮತ್ತೆ ಕೊಟ್ಟು ಯಾರಾದರೂ ಮೋಸ ಮಾಡಬಹುದು. ಹಾಗಾದರೆ 12ನೇ ಆವೃತ್ತಿ ಕೆಟ್ಟಿದೆ ಎಂದು ಗೊತ್ತಾದರೆ? 11ರ ಪಟ್ಟಿಯನ್ನೇ 13 ಎಂದು ಹೊಸ ಸಹಿ ಹಾಕಿ ಬಿಡಿ. ಟೈಲ್‌ಗಳು ಗಾಡಿಯಲ್ಲೇ ಇರುತ್ತವೆ, ಇಳಿಯುವುದು ಪಟ್ಟಿ ಮಾತ್ರ. ಅದಕ್ಕೇ ಹಳೆ ಟೈಲ್‌ಗಳನ್ನು ಕೂಡಲೇ ಅಳಿಸದೆ, ಒಂದು ಆವೃತ್ತಿ ಹಿಂದಿನವನ್ನು ಇಟ್ಟುಕೊಂಡಿರಿ.

ಎಲ್ಲ ಗಾಡಿಗೂ ಒಟ್ಟಿಗೆ ಬಿಡಬೇಡಿ. ಮೊದಲು ಕೆಲವೇ ಗಾಡಿ, ಎರಡು ದಿನ ನೋಡಿ, ಆಮೇಲೆ ಉಳಿದವು.

ಬಿಡುವ ಮೊದಲು ಒಂದು ಗಾಡಿಯಲ್ಲಿ ಕೂತು ಸುರಂಗವಿರುವ ದಾರಿಯಲ್ಲಿ ಹೋಗಿ. ಡೌನ್‌ಲೋಡ್ ನಡುವೆ ಸಿಗ್ನಲ್ ಹೋಗಲಿ. ಗಾಡಿ ನಿಂತಾಗ, ಪಟ್ಟಿ ಬದಲಾಗುವ ಹೊತ್ತಿಗೇ ಉಪಕರಣದ ಕರೆಂಟ್ ತೆಗೆಯಿರಿ. ಒಂದು ಸಲ ಸಾಲದು, ಇಪ್ಪತ್ತು ಸಲ ತೆಗೆಯಿರಿ. ಪ್ರತಿ ಸಲವೂ ಮತ್ತೆ ಶುರುವಾದಾಗ ಹಳೆ ಮ್ಯಾಪ್ ಪೂರ್ತಿ ಇರಬೇಕು, ಇಲ್ಲವೇ ಹೊಸದು ಪೂರ್ತಿ ಇರಬೇಕು. ಅದಾದ ಮೇಲೆ ಒಂದು ವಲಯ ಹೊಸದು, ಪಕ್ಕದ್ದು ಹಳೆಯದು ಎಂದು ಬೇಕಂತಲೇ ಇಟ್ಟು, ಗಡಿ ದಾಟುವ ದಾರಿ ಕೇಳಿ. ನೇರ ದಾರಿ ಬಂದರೆ ಬಿಡುಗಡೆ ಮಾಡಬಹುದು.