ಕಲಬುರಗಿಯ ವೆಬ್ ಡೆವಲಪರ್ ಮೀಟಪ್‌ನಲ್ಲಿ ಮೊದಲ ಸಲ ಮಾತನಾಡುವವರಿಗೆ

ಮೀಟಪ್‌ನಲ್ಲಿ ಮಾತನಾಡಲು ಒಪ್ಪಿಕೊಂಡವರಲ್ಲಿ ಹೆಚ್ಚಿನವರು ಮೊದಲಿಗೇ ಎಡವುವುದು ವಿಷಯದ ಆಯ್ಕೆಯಲ್ಲಿ. ‘ರಿಯಾಕ್ಟ್ ಪರಿಚಯ’ದಂತಹ ವಿಷಯಕ್ಕೆ ಯೂಟ್ಯೂಬ್‌ನಲ್ಲಿ ಬೇಕಾದಷ್ಟು ವೀಡಿಯೊಗಳಿರುವಾಗ, ಅದನ್ನೇ ಕೇಳಲು ಬೀದರಿನಿಂದಲೋ ಯಾದಗಿರಿಯಿಂದಲೋ ಭಾನುವಾರ ನಸುಕಿನಲ್ಲೆದ್ದು ಕಲಬುರಗಿಗೆ ಬರುವ ಅಗತ್ಯ ಯಾರಿಗೂ ಇಲ್ಲ. ಕೆಲಸದಲ್ಲಿ ನೀವೇ ಸಿಕ್ಕಿಕೊಂಡು, ತಡಕಾಡಿ, ಕೊನೆಗೆ ಬಿಡಿಸಿಕೊಂಡ ಒಂದೇ ಒಂದು ತೊಡಕನ್ನು ಆರಿಸಿಕೊಳ್ಳಿ. ಅದು ತೀರಾ ಚಿಕ್ಕದೆನಿಸಿದರೆ 20 ನಿಮಿಷದ ಭಾಷಣಕ್ಕೆ ಸರಿಯಾದ ಅಳತೆಯದ್ದೇ ಆಗಿರುತ್ತದೆ.

ಉದಾಹರಣೆಗೆ, ಅರ್ಜಿಯ ಫಾರ್ಮ್‌ನಲ್ಲಿ ಕನ್ನಡದ ಹೆಸರುಗಳು ಅರ್ಧಕ್ಕೆ ತುಂಡಾಗುವ ಸಮಸ್ಯೆಯನ್ನೇ ತೆಗೆದುಕೊಳ್ಳಿ. ‘ಕಲಬುರಗಿ’ ಎಂಬ ಪದದಲ್ಲಿ ಎಷ್ಟು ಅಕ್ಷರಗಳಿವೆ ಎಂದು ಸಭೆಯನ್ನು ಕೇಳಿದರೆ ಎಲ್ಲರೂ 5 ಎನ್ನುತ್ತಾರೆ. ಅದೇ ಪದದ ಉದ್ದವನ್ನು ಬ್ರೌಸರ್‌ನ ಪ್ರೋಗ್ರಾಮಿಂಗ್ ಭಾಷೆಯಾದ ಜಾವಾಸ್ಕ್ರಿಪ್ಟ್‌ನಲ್ಲಿ ಕೇಳಿದರೆ 7 ಎಂಬ ಉತ್ತರ ಬರುತ್ತದೆ, ಏಕೆಂದರೆ ‘ಬು’ವಿನ ಕೊಂಬನ್ನೂ ‘ಗಿ’ಯ ಗುಡಿಸನ್ನೂ ಅದು ಬೇರೆ ಬೇರೆಯಾಗಿ ಎಣಿಸುತ್ತದೆ. ಅಕ್ಷರಗಳನ್ನು ಬೈಟ್‌ಗಳಾಗಿ ಉಳಿಸಿಡುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಪ್ರತಿಯೊಂದು ಚಿಹ್ನೆಗೂ 3 ಬೈಟ್ ಬೇಕಾಗುವುದರಿಂದ, ಬೈಟ್ ಲೆಕ್ಕದಲ್ಲಿ ಮಿತಿ ಹಾಕಿರುವ ಡೇಟಾಬೇಸ್‌ಗೆ ಇದೇ ಪದ 21 ಆಗುತ್ತದೆ. ಜಾವಾಸ್ಕ್ರಿಪ್ಟ್‌ನಲ್ಲಿ ಮೊದಲ 6 ಚಿಹ್ನೆಗಳನ್ನು ಮಾತ್ರ ಉಳಿಸಿಕೊಳ್ಳುವಂತೆ ಸ್ಲೈಸ್ ಮಾಡಿ (ಕತ್ತರಿಸಿ) ತೋರಿಸಿ: ಗುಡಿಸು ಕಳಚಿಬಿದ್ದು ಪರದೆಯ ಮೇಲೆ ‘ಕಲಬುರಗ’ ಎಂದು ಮೂಡುತ್ತದೆ. ತಮ್ಮೂರಿನ ಹೆಸರೇ ಹೀಗೆ ಮುರಿದು ಬಿದ್ದುದನ್ನು ಕಂಡ ಸಭೆಗೆ ಸಮಸ್ಯೆ ಏನೆಂದು ಮತ್ತೆ ವಿವರಿಸಬೇಕಾಗಿಲ್ಲ. ಬಳಿಕ, ಪದವನ್ನು ನಾವು ಕಾಣುವ ಅಕ್ಷರಗಳಾಗಿಯೇ ಬಿಡಿಸುವ ಜಾವಾಸ್ಕ್ರಿಪ್ಟ್‌ನ ಸೌಲಭ್ಯವಾದ ಇಂಟ್ಲ್ ಸೆಗ್ಮೆಂಟರ್‌ನಿಂದ (Intl.Segmenter) ಎಣಿಸಿ, 5 ಎಂಬ ಉತ್ತರ ಬರುವುದನ್ನು ತೋರಿಸಿ. 2024ರಲ್ಲಿ ಫೈರ್‌ಫಾಕ್ಸ್‌ಗೂ ಅದು ಬಂದಿರುವುದರಿಂದ ಈಗ ಎಲ್ಲ ಪ್ರಮುಖ ಬ್ರೌಸರ್‌ಗಳಲ್ಲಿ ಅದನ್ನು ನೇರವಾಗಿ ಬಳಸಬಹುದು.

ಮೊದಲು ಕೆಟ್ಟದ್ದನ್ನು ತೋರಿಸಿ, ಅದು ಏಕೆ ಕೆಟ್ಟಿತೆಂದು ಹೇಳಿ, ಆಮೇಲೆ ಸರಿಪಡಿಸುವ ಈ ಕ್ರಮವನ್ನು ಯಾವ ವಿಷಯಕ್ಕಾದರೂ ಹೊಂದಿಸಿಕೊಳ್ಳಬಹುದು. ನಿಮ್ಮ ಪರಿಚಯಕ್ಕೆ ಎರಡು ವಾಕ್ಯ ಸಾಕು. 1989ರಲ್ಲಿ ಸರ್ನ್ ಭೌತವಿಜ್ಞಾನ ಸಂಶೋಧನಾ ಸಂಸ್ಥೆಯಲ್ಲಿ ವೆಬ್ ಹುಟ್ಟಿದ ಕಥೆಯಿಂದ ಆರಂಭಿಸುವ ಆಸೆ ಬಂದರೆ ದಯವಿಟ್ಟು ತಡೆದುಕೊಳ್ಳಿ.

ಭಾಷೆಯ ವಿಷಯದಲ್ಲಿ ನನ್ನ ಅಭಿಪ್ರಾಯ ಖಚಿತವಾಗಿದೆ: ಕನ್ನಡದಲ್ಲಿಯೇ ಮಾತನಾಡಿ, ಆದರೆ ಸರ್ವರ್, ಬ್ರೌಸರ್, ಫಂಕ್ಷನ್ ಮುಂತಾದ ಪದಗಳನ್ನು ಇದ್ದಂತೆಯೇ ಬಳಸಿ. ಅವುಗಳಿಗೆ ಸ್ಥಳದಲ್ಲೇ ಕನ್ನಡ ಪದ ಕಟ್ಟಲು ಹೋದರೆ ಕೇಳುಗರ ಗಮನ ವಿಷಯವನ್ನು ಬಿಟ್ಟು ಪದದ ಕಡೆಗೆ ಹರಿಯುತ್ತದೆ. ನಮ್ಮ ಭಾಗದ ಸಭೆಯಲ್ಲಿ ಮನೆಯಲ್ಲಿ ದಖನಿ, ಮರಾಠಿ ಅಥವಾ ತೆಲುಗು ಮಾತನಾಡುವವರೂ ಇರುತ್ತಾರೆ. ಅವರಿಗಾಗಿ ನಿಧಾನವಾಗಿ, ಚಿಕ್ಕ ಚಿಕ್ಕ ವಾಕ್ಯಗಳಲ್ಲಿ ಹೇಳಿದರೆ ಸಾಕು. ಕೋಡ್ ಎಲ್ಲರಿಗೂ ಒಂದೇ.

ಇನ್ನು ಸಲಕರಣೆಯ ಮಾತು. ನನ್ನ ಮೊದಲ ಭಾಷಣದಲ್ಲಿ ಮೊಬೈಲ್ ಹಾಟ್‌ಸ್ಪಾಟ್ ನಂಬಿಕೊಂಡು ವೇದಿಕೆಯ ಮೇಲೆಯೇ, ಬೇಕಾದ ಕೋಡ್ ಪ್ಯಾಕೇಜ್‌ಗಳನ್ನು ಇಂಟರ್ನೆಟ್‌ನಿಂದ ಇಳಿಸುವ ‘ಎನ್‌ಪಿಎಂ ಇನ್‌ಸ್ಟಾಲ್’ ಆಜ್ಞೆ ಕೊಟ್ಟೆ. ಅದು ಮುಗಿಯುವಷ್ಟರಲ್ಲಿ ನನ್ನ ಅರ್ಧ ಸಮಯ ಮುಗಿದಿತ್ತು. ಅಂದಿನಿಂದ ನಾನು ತೋರಿಸಬೇಕಾದುದೆಲ್ಲವನ್ನೂ ಹಿಂದಿನ ರಾತ್ರಿಯೇ ಲೋಕಲ್‌ಹೋಸ್ಟ್‌ನಲ್ಲಿ, ಅಂದರೆ ನನ್ನ ಲ್ಯಾಪ್‌ಟಾಪ್‌ನಲ್ಲೇ ನಡೆಯುವ ಸರ್ವರ್‌ನಲ್ಲಿ, ಸಿದ್ಧಪಡಿಸಿ, ವೈಫೈ ಆಫ್ ಮಾಡಿ, ಒಮ್ಮೆ ಪೂರ್ತಿ ನಡೆಸಿ ನೋಡುತ್ತೇನೆ. ಫಾಂಟ್ ಫೈಲ್ ಕೂಡ ಲ್ಯಾಪ್‌ಟಾಪ್‌ನಲ್ಲೇ ಇರಲಿ. ಕಾಲೇಜುಗಳ ಹಳೆಯ ಪ್ರೊಜೆಕ್ಟರ್‌ಗಳಲ್ಲಿ ವಿಜಿಎ ಪೋರ್ಟ್ ಮಾತ್ರ ಇರುವುದುಂಟು, ಹೊಸ ಲ್ಯಾಪ್‌ಟಾಪ್‌ಗಳಲ್ಲಿ ಅದು ಇರುವುದಿಲ್ಲ; ಆದ್ದರಿಂದ ಅಡಾಪ್ಟರ್ ಅನ್ನು ಚೀಲದಲ್ಲಿ ಇಟ್ಟುಕೊಂಡೇ ಹೊರಡಿ. ನಮ್ಮ ಬಿಸಿಲಿನಲ್ಲಿ ಕಿಟಕಿಯಿಂದ ಬೀಳುವ ಬೆಳಕಿಗೆ ಕಪ್ಪು ಹಿನ್ನೆಲೆಯ ಎಡಿಟರ್ ಏನೇನೂ ಕಾಣುವುದಿಲ್ಲವಾದ್ದರಿಂದ ಬಿಳಿ ಹಿನ್ನೆಲೆಗೆ ಬದಲಾಯಿಸಿ, ಅಕ್ಷರದ ಗಾತ್ರವನ್ನು 24ಕ್ಕಿಂತ ಕಡಿಮೆ ಮಾಡದೆ, ಕೊನೆಯ ಬೆಂಚಿನಲ್ಲಿ ನೀವೇ ಕುಳಿತು ಓದಿ ನೋಡಿ. ಏಪ್ರಿಲ್, ಮೇ ತಿಂಗಳುಗಳಲ್ಲಿ ತಾಪಮಾನ 40 ಡಿಗ್ರಿ ದಾಟಿ ಫ್ಯಾನುಗಳೆಲ್ಲ ಪೂರ್ಣ ವೇಗದಲ್ಲಿ ತಿರುಗುವಾಗ ಮೈಕ್ ಇಲ್ಲದ ಧ್ವನಿ ಮೂರನೆಯ ಸಾಲನ್ನೂ ದಾಟುವುದಿಲ್ಲ. ಕರೆಂಟ್ ಹೋದರೆ ಏನು ಮಾಡುವುದೆಂಬ ಪ್ರಶ್ನೆಗೆ ಉತ್ತರ ಬೋರ್ಡ್ ಮತ್ತು ಮಾರ್ಕರ್: ‘ಕಲಬುರಗಿ’ಯನ್ನು ಬಿಡಿಸಿ ಬರೆದು 7 ಚಿಹ್ನೆಗಳನ್ನು ಎಣಿಸಲು ಪ್ರೊಜೆಕ್ಟರ್ ಬೇಕಾಗಿಲ್ಲ.

ಒಮ್ಮೆಯಾದರೂ ಗಡಿಯಾರ ಇಟ್ಟುಕೊಂಡು ಗಟ್ಟಿಯಾಗಿ ಹೇಳಿ ಅಭ್ಯಾಸ ಮಾಡಿ. ಮನಸ್ಸಿನಲ್ಲಿ ಓದಿಕೊಂಡಾಗ 12 ನಿಮಿಷಕ್ಕೆ ಮುಗಿದದ್ದು ಬಾಯಿಬಿಟ್ಟು ಹೇಳಿದಾಗ 20 ದಾಟುವುದು ಸಾಮಾನ್ಯ. ಸಮಯ ಮೀರುವಂತಿದ್ದರೆ ಕೊನೆಯ ಭಾಗವನ್ನು ಉಳಿಸಿಕೊಂಡು ನಡುವಿನದನ್ನು ಕತ್ತರಿಸಿ.

ಪ್ರಶ್ನೆಗಳಿಗೆ 10 ನಿಮಿಷ ಮೀಸಲಿಡಿ. ಕೇಳಿದ ಪ್ರಶ್ನೆಯನ್ನು ಮೊದಲು ನೀವೇ ಮೈಕಿನಲ್ಲಿ ಮತ್ತೊಮ್ಮೆ ಹೇಳಿ, ಇಲ್ಲವಾದರೆ ಹಿಂದಿನ ಸಾಲಿನವರಿಗೆ ಉತ್ತರ ಮಾತ್ರ ಕೇಳಿಸುತ್ತದೆ. ‘ಶರಣಬಸವೇಶ್ವರ’ದಲ್ಲಿ ಇರುವಂತಹ ಒತ್ತಕ್ಷರವನ್ನು ಸೆಗ್ಮೆಂಟರ್ ಒಂದೆಂದು ಎಣಿಸುತ್ತದೆಯೋ ಎರಡೆಂದೋ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಉತ್ತರ ಗೊತ್ತಿಲ್ಲದಿದ್ದರೆ ಊಹಿಸಿ ಹೇಳಬೇಡಿ. ಕೇಳಿದವರನ್ನೇ ಮುಂದಕ್ಕೆ ಕರೆದು, ಕೀಬೋರ್ಡ್ ಅವರ ಕೈಗೆ ಕೊಟ್ಟು, ಆ ಪದವನ್ನು ಬ್ರೌಸರ್‌ನಲ್ಲಿ ಕೋಡ್ ಬರೆದು ನೋಡುವ ಕಿಟಕಿಯಾದ ಕನ್ಸೋಲ್‌ನಲ್ಲಿ ಟೈಪ್ ಮಾಡಿಸಿ. ಅಲ್ಲಿಂದ ಶುರುವಾಗುವ ಚರ್ಚೆ ಸಾಮಾನ್ಯವಾಗಿ ಹೊರಗಿನ ಗಾಡಿಯ ಸುಸಲಾ, ಮಿರ್ಚಿ ಮುಗಿಯುವವರೆಗೂ ನಡೆಯುತ್ತದೆ.