ಕೆಸರುನೆಲದ ರಸ್ತೆಗೆ ಗಾಜಿನ ಜಲ್ಲಿ: ರೋಲರ್ ಹತ್ತಿಸಬೇಡಿ, ನೀರು ಹೊಡೆಯಬೇಡಿ

ಮಂಗಳೂರು ಬಳಿ ಕೂಳೂರಿನ ಫಲ್ಗುಣಿ ಬದಿಯಾಗಲಿ, ಉಡುಪಿ ಬಳಿ ಕಲ್ಯಾಣಪುರದ ಸ್ವರ್ಣಾ ಬದಿಯಾಗಲಿ, ಹೊಳೆಬದಿಯ ಬೈಲಿನಲ್ಲಿ ಸೇತುವೆಗೆ ಸಂಪರ್ಕ ರಸ್ತೆ ಏರಿಸಬೇಕೆಂದರೆ ನಮಗೆ ಮೊದಲು ನೆನಪಾಗುವುದು ಕೆಂಪುಮಣ್ಣು. ಘನಮೀಟರ್‌ಗೆ ಸುಮಾರು 1,800 ಕೆ.ಜಿ. ತೂಗುವ ಆ ಮಣ್ಣನ್ನು ಎರಡು ಮೀಟರ್ ಪೇರಿಸಿದರೆ ಕೆಳಗಿನ ಕೆಸರು ವರ್ಷಗಟ್ಟಲೆ ಕುಗ್ಗುತ್ತದೆ. ನೆಲದಾಳಕ್ಕೆ ಇಳಿಸಿದ ಕಂಬಗಳ (ಪೈಲ್) ಮೇಲಿನ ಸೇತುವೆ ಕದಲುವುದಿಲ್ಲ, ರಸ್ತೆ ಮಾತ್ರ ಇಳಿಯುತ್ತದೆ. ಬಸ್ಸು ಸೇತುವೆ ಹತ್ತುವಾಗ ಧಡಕ್ಕನೆ ಎಗರುವುದು ಅದಕ್ಕೇ.

ನಾರ್ವೆ, ಸ್ವಿಟ್ಜರ್ಲೆಂಡ್‌ಗಳಲ್ಲಿ ಇಂಥ ಕಡೆ ಫೋಮ್ ಗ್ಲಾಸ್ ಜಲ್ಲಿ ತುಂಬುತ್ತಾರೆ. ಹಳೆಯ ಗಾಜಿನ ಪುಡಿಗೆ ನೊರೆ ಬರಿಸುವ ವಸ್ತು ಬೆರೆಸಿ 900 ಡಿಗ್ರಿ ಆಸುಪಾಸಿನಲ್ಲಿ ಕಾಯಿಸಿದರೆ ಹಿಟ್ಟಿನಂತೆ ಉಬ್ಬುತ್ತದೆ, ತಣಿಯುವಾಗ ತಾನೇ ಬಿರಿದು 10ರಿಂದ 60 ಮಿ.ಮೀ. ಚೂರುಗಳಾಗುತ್ತದೆ. ದಮ್ಮಸ್ಸಾದ ಮೇಲೂ ಘನಮೀಟರ್‌ಗೆ 200–250 ಕೆ.ಜಿ. ಅಷ್ಟೆ.

ಲೋಡ್ ಬಂದ ಕೂಡಲೇ ಹತ್ತು ಲೀಟರ್ ಬಕೆಟ್ ತುಂಬಿಸಿ ತೂಗಿ. ಎರಡು ಕೆ.ಜಿ. ಆಸುಪಾಸು ಇರಬೇಕು. ಚೂರು ಬೆರಳಲ್ಲಿ ಒತ್ತಿದರೆ ಪುಡಿಯಾಗಬಾರದು. ನೀರಿಗೆ ಹಾಕಿದರೆ ಮರುದಿನವೂ ತೇಲುತ್ತಿರಬೇಕು. ಗೋಡೆ ಕಟ್ಟುವ ಹಗುರ ಎಎಸಿ ಸಿಮೆಂಟ್ ಬ್ಲಾಕಿನ ಒಡೆದ ಚೂರನ್ನು 'ಇದೂ ಹಗುರವೇ' ಎಂದು ಯಾರಾದರೂ ತಂದರೆ ವಾಪಸು ಕಳಿಸಿ, ಅದು ನೀರು ಕುಡಿದು ಭಾರವಾಗುತ್ತದೆ. ಆರ್ಡರ್ ಕೊಡುವಾಗ ಲೆಕ್ಕ ತಪ್ಪುವವರು ಬಹಳ. ದಮ್ಮಸ್ಸಿನಲ್ಲಿ ಶೇ 20 ತಗ್ಗುವುದಾದರೆ 100 ಘನಮೀಟರ್ ಗುಂಡಿಗೆ ಬೇಕಾದದ್ದು 120 ಅಲ್ಲ, 125.

ನೆಲ ಸಮತಟ್ಟು ಮಾಡಿ, ನಾನ್-ವೋವನ್ ಜಿಯೋಟೆಕ್ಸ್‌ಟೈಲ್ (ನೀರು ಬಿಟ್ಟು ಮಣ್ಣು ತಡೆಯುವ, ನೇಯದ ಬಟ್ಟೆ) ಹಾಸಿ. ಒಂದು ಹಾಸಿನ ಅಂಚು ಇನ್ನೊಂದರ ಮೇಲೆ ಅರ್ಧ ಮೀಟರ್ ಬರಲಿ, ಬದಿಗಳಲ್ಲಿ ಮೇಲಕ್ಕೆ ಮಡಚುವಷ್ಟು ಬಟ್ಟೆ ಉಳಿಯಲಿ. ಈ ಬಟ್ಟೆಯ ಖರ್ಚು ಉಳಿಸಲು ಹೋದರೆ ನುಣುಪಾದ ಶೇಡಿ ಮಣ್ಣು ಮಳೆಗೆ ಕರಗಿ ಜಲ್ಲಿಯ ಸಂದಿಗೆ ನುಗ್ಗುತ್ತದೆ.

ಕೆಲಸ ಕೆಡುವುದು ದಮ್ಮಸ್ಸಿನಲ್ಲಿ. ಮಣ್ಣಿಗೆ ಮಾಡುವಂತೆ ಟ್ಯಾಂಕರ್ ನೀರು ಹೊಡೆದು ವೈಬ್ರೇಟರ್ ರೋಲರ್ ಹತ್ತಿಸುತ್ತಾರೆ. ನೀರಿನಿಂದ ಈ ಜಲ್ಲಿ ಒಂದಿಷ್ಟೂ ಬಿಗಿಯಾಗುವುದಿಲ್ಲ. ಧೂಳು ಅಡಗಿಸಲು ಚಿಮುಕಿಸಿದರೆ ಸಾಕು. ರೋಲರಿನ ಉಕ್ಕಿನ ಡ್ರಮ್ ಮೇಲಿನ ಪದರವನ್ನು ಹಿಟ್ಟು ಮಾಡುತ್ತದೆ, ಕೆಳಗಿನದು ಸಡಿಲವಾಗಿಯೇ ಉಳಿಯುತ್ತದೆ. ಬೇಕಾದದ್ದು ಚೈನಿನ ಹಿಟಾಚಿ, ಟೈರಿನ ಜೆಸಿಬಿ ಅಲ್ಲ. ಚೈನಿನ ಅಡಿಯ ಒತ್ತಡ ಚದರ ಮೀಟರ್‌ಗೆ 3ರಿಂದ 5 ಟನ್ ಇರಬೇಕು. 20 ಟನ್ ವರ್ಗದ ಯಂತ್ರ ಸಾಮಾನ್ಯವಾಗಿ ಇಷ್ಟರೊಳಗೆ ಬರುತ್ತದೆ. ಜಲ್ಲಿಯನ್ನು 60 ಸೆಂ.ಮೀ. ಸಡಿಲವಾಗಿ ಹರಡಿ, ಚೈನಿನ ಅಚ್ಚಿನ ಮೇಲೆ ಅಚ್ಚು ಬೀಳುವಂತೆ ನಾಲ್ಕು ಬಾರಿ ಓಡಿಸಿ. ಮೊದಲ ಓಟದಲ್ಲಿ ಚೂರುಗಳ ಮೂಲೆ ಮುರಿದು ಚರಚರ ಸದ್ದು ಜೋರಾಗಿರುತ್ತದೆ. ಒಂದಕ್ಕೊಂದು ಕಚ್ಚಿಕೊಂಡಂತೆ ಸದ್ದು ಇಳಿಯುತ್ತದೆ. ನಿಂತಲ್ಲೇ ಯಂತ್ರ ತಿರುಗಿಸಿದರೆ ಪದರ ಕಿತ್ತುಬರುತ್ತದೆ.

ಮರಳು ತುಂಬಿ ಸಾಂದ್ರತೆ ನೋಡುವ ಪರೀಕ್ಷೆ ಇಷ್ಟು ದಪ್ಪ ಚೂರಿಗೆ ಹೊಂದುವುದಿಲ್ಲ. ಓಟಗಳನ್ನು ಎಣಿಸಿ, ಎತ್ತರ ಅಳೆಯಿರಿ: 60 ಇದ್ದದ್ದು 48ರ ಹತ್ತಿರ ನಿಂತರೆ ಸರಿ. 45ಕ್ಕಿಂತ ಕೆಳಗಿಳಿದು ಮೇಲೆ ಬಿಳಿ ಪುಡಿ ಕಂಡರೆ ಜಲ್ಲಿ ನುಚ್ಚಾಗುತ್ತಿದೆ, ನಿಲ್ಲಿಸಿ. ಗೋಡೆ ಪಕ್ಕದ ಇಕ್ಕಟ್ಟಿನಲ್ಲಿ 20–30 ಸೆಂ.ಮೀ. ಪದರ, ಸಣ್ಣ ಪ್ಲೇಟ್ ಕಾಂಪ್ಯಾಕ್ಟರ್ (ತಟ್ಟೆಯಿಂದ ನೆಲ ಬಡಿಯುವ ಯಂತ್ರ). ಮಾಸ್ಕ್, ಕೈಗವಸು ಇಲ್ಲದೆ ಯಾರನ್ನೂ ಇಳಿಸಬೇಡಿ.

ಇನ್ನು ತೇಲುವ ಭಯ. ಜಲ್ಲಿ ಮುಳುಗಿದಾಗ ನೀರು ಅದನ್ನು ಘನಮೀಟರ್‌ಗೆ ಸುಮಾರು 350 ಕೆ.ಜಿ. ಬಲದಲ್ಲಿ ಮೇಲಕ್ಕೆ ತಳ್ಳುತ್ತದೆಂದು ಹಿಡಿಯಿರಿ. ಒಂದೂವರೆ ಮೀಟರ್ ಭರ್ತಿಗೆ ಚದರ ಮೀಟರಿಗೆ 525 ಕೆ.ಜಿ. ಅದನ್ನು ಒತ್ತಿ ಹಿಡಿಯಲು ಮೇಲೆ ಮೂವತ್ತು ಸೆಂ.ಮೀ. ಕೆಂಪುಮಣ್ಣು ಸಾಕೆಂದು ಕಾಣುತ್ತದೆ, ಆದರೆ ನೆರೆಯಲ್ಲಿ ಆ ಮಣ್ಣೂ ಮುಳುಗಿ ತೂಕ ಅರ್ಧಕ್ಕಿಳಿಯುತ್ತದೆ. ನನ್ನ ಸಲಹೆ: ಜಲ್ಲಿಯ ಮೇಲೆ 80 ಸೆಂ.ಮೀ.ಗಿಂತ ಕಡಿಮೆ ಮಣ್ಣಿನ ಮುಚ್ಚಿಗೆಯನ್ನು ಒಪ್ಪಬೇಡಿ. ಮೇ ಮಧ್ಯದೊಳಗೆ ಮುಚ್ಚಲಾಗದಿದ್ದರೆ ಕೆಲಸವನ್ನೇ ಅಕ್ಟೋಬರ್‌ಗೆ ಮುಂದೂಡಿ. ತೆರೆದಿಟ್ಟ ಜಲ್ಲಿಯನ್ನು ಜೂನ್ ಮಳೆ ಹೊತ್ತೊಯ್ಯುತ್ತದೆ.

ಮೇಲೆ ಬಟ್ಟೆ ಮಡಚಿ, ಬುಡದಲ್ಲಿ ನೀರು ಹೊರಹೋಗುವ ಪೈಪ್ ಇಟ್ಟು, ಮುಚ್ಚಿಗೆಯ ಮೊದಲ 30 ಸೆಂ.ಮೀ.ಯನ್ನು ಅಂಚಿನಿಂದ ದೂಡುತ್ತಾ ಹರಡಿ. ಬರೀ ಜಲ್ಲಿಯ ಮೇಲೆ ಟಿಪ್ಪರ್ ಹತ್ತಬಾರದು. ಆ ಪದರ ಬಿದ್ದ ಮೇಲೆ ರೋಲರ್ ಬರಲಿ, ವೈಬ್ರೇಷನ್ ಆಫ್ ಮಾಡಿ. ಹಗುರ ಭರ್ತಿಯನ್ನು ಮಣ್ಣಿಗೆ ಸೇರುವಲ್ಲಿ ಗೋಡೆಯಂತೆ ಕಡಿದು ನಿಲ್ಲಿಸದೆ ಮೆಟ್ಟಿಲು ಮೆಟ್ಟಿಲಾಗಿ ತೆಳುವಾಗಿಸುತ್ತಾ ಹೋಗಿ. ಇಲ್ಲದಿದ್ದರೆ ಸೇತುವೆ ಬಾಯಲ್ಲಿದ್ದ ಧಡಕ್ಕು ಐವತ್ತು ಮೀಟರ್ ಹಿಂದಕ್ಕೆ ಸರಿಯುತ್ತದೆ, ಅಷ್ಟೆ.